ಇಂದಿನ ಧಮ್ಮ ಚಿಂತನೆ: ಪುಕ್ಕಟೆ ಮಾತ್ರೆ ಭಿಕ್ಷೆಯೇ?



ಪುಕ್ಕಟೆ ಔಷಧಿ ತೆಗೆದುಕೊಂಡರೆ ಸ್ವಾಭಿಮಾನಕ್ಕೆ ಕುಂದು ಬರುತ್ತದೆಯೇ? ಈ ಪ್ರಶ್ನೆ ನಮ್ಮ ಬಳಗದಲ್ಲೇ ಎದ್ದದ್ದು. ಗಾರೆ ಕೆಲಸ ಮಾಡುವ ಹಿರಿಯರೊಬ್ಬರು ಭಾನುವಾರದ ವಂದನೆ ಮುಗಿದ ಮೇಲೆ ಕೇಳಿದರು: "ಮೇಷ್ಟ್ರೇ, ಬಾಬಾಸಾಹೇಬ್ರು ತಲೆ ಎತ್ತಿ ಬದುಕೋದು ಕಲಿಸಿದ್ರು. ನಾನು ಸರ್ಕಾರಿ ಆಸ್ಪತ್ರೆ ಸಾಲಲ್ಲಿ ನಿಂತು ಮಾತ್ರೆ ಈಸ್ಕೊಂಡ್ರೆ ಅದು ಭಿಕ್ಷೆ ಅಲ್ವಾ?" ಅವರಿಗೆ ಬಿಪಿ, ಶುಗರ್ ಎರಡೂ ಇವೆ. ಕೂಲಿ ಸಿಕ್ಕ ವಾರ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಳ್ಳುತ್ತಾರೆ, ಸಿಗದ ವಾರ ಬಿಡುತ್ತಾರೆ.

ಅವರ ಪ್ರಶ್ನೆ ಹಗುರವಾದದ್ದಲ್ಲ. ಕೈಯೊಡ್ಡಿ ನಿಂತ ತಲೆಮಾರುಗಳ ನೋವು ಅದರಲ್ಲಿದೆ. ಆದರೆ ಈ ಕಾಯಿಲೆಗಳ ಸ್ವಭಾವವನ್ನೂ ನೋಡಬೇಕು. ಇವು ಮೊದಲಿಗೆ ನೋಯುವುದಿಲ್ಲ. ಸದ್ದಿಲ್ಲದೆ ಕಣ್ಣು, ಕಿಡ್ನಿ, ನರಗಳನ್ನು ಕೆಡಿಸುತ್ತವೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ನಿಜ. ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಲಕ್ವ ಹೊಡೆದ ಮೇಲೆ ಕಾರ್ಡು ಕೆಲಸಕ್ಕೆ ಬರುತ್ತದೆ, ಲಕ್ವ ಹೊಡೆಯದಂತೆ ದಿನವೂ ನುಂಗಬೇಕಾದ ಮಾತ್ರೆಗೆ ಬರುವುದಿಲ್ಲ. ಗಾರೆ ಕೆಲಸ, ಮನೆಗೆಲಸ, ಹೊಲದ ಕೂಲಿ ಮಾಡುವ ನಮ್ಮ ಹೆಚ್ಚಿನ ಜನಕ್ಕೆ ಇಎಸ್‌ಐ ಕೂಡ ಇಲ್ಲ. ಈ ನಡುವಿನ ಜಾಗವನ್ನು ತುಂಬುವುದು ಪ್ರಾಥಮಿಕ ಆರೋಗ್ಯ ಕೇಂದ್ರ, ನಗರಗಳಲ್ಲಿ 2022ರ ಡಿಸೆಂಬರಿನಲ್ಲಿ ಶುರುವಾದ 'ನಮ್ಮ ಕ್ಲಿನಿಕ್'. ಅಲ್ಲಿ ಸಿಗುವುದು ಬರೀ ಮಾತ್ರೆಯಲ್ಲ. ಬಿಪಿ ನೋಡಿ, ಬರೆದಿಟ್ಟು, "ಮುಂದಿನ ತಿಂಗಳು ಬನ್ನಿ" ಎನ್ನುವವರು ಅಲ್ಲಿರುತ್ತಾರೆ. ವಾಸಿಯಾಗದ ಕಾಯಿಲೆಗೆ ಆ ಮಾತೇ ಅರ್ಧ ಔಷಧಿ.

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಭೇದಿಯಿಂದ ನರಳುತ್ತಿದ್ದ ಭಿಕ್ಖುವೊಬ್ಬ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಯಾರೂ ಹತ್ತಿರ ಬಂದಿರಲಿಲ್ಲ. ಭಗವಾನರು ನೀರು ಹೊಯ್ದರು, ಆನಂದ ಮೈ ತೊಳೆದ, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ಉಳಿದವರನ್ನು ಕೇಳಿದಾಗ ಬಂದ ಉತ್ತರ: ಅವನಿಂದ ನಮಗೇನೂ ಉಪಯೋಗವಿಲ್ಲ, ಹಾಗಾಗಿ ನೋಡಿಕೊಳ್ಳಲಿಲ್ಲ. ಬುದ್ಧರು ಒಪ್ಪದಿದ್ದುದು ಈ ಲೆಕ್ಕಾಚಾರವನ್ನು. ಉಪಯೋಗ ನೋಡಿ ಆರೈಕೆ ಮಾಡುವುದು ವ್ಯಾಪಾರ. ನಿಮಗೆ ಇಲ್ಲಿ ತಂದೆತಾಯಿ ಇಲ್ಲ, ನೀವು ಒಬ್ಬರನ್ನೊಬ್ಬರು ನೋಡದಿದ್ದರೆ ಯಾರು ನೋಡುತ್ತಾರೆ ಎಂಬರ್ಥದ ಮಾತನ್ನು ಅವರು ಹೇಳಿದರು.

ಅದೇ ಭಾಗದಲ್ಲಿ ರೋಗಿಯ ಕರ್ತವ್ಯವೂ ಬರುತ್ತದೆ: ಔಷಧಿ ಬಿಡದೆ ತೆಗೆದುಕೊಳ್ಳಬೇಕು, ಪಥ್ಯದಲ್ಲಿ ಮಿತಿ ತಿಳಿದಿರಬೇಕು, ಕಾಯಿಲೆಯ ಸ್ಥಿತಿಯನ್ನು ಮುಚ್ಚಿಡಬಾರದು. ರೋಗಿಯ ಸ್ವಾಭಿಮಾನ ಇಲ್ಲಿದೆ ಎಂದು ನನಗನ್ನಿಸುತ್ತದೆ. ನರ್ಸ್ ಕೇಳಿದಾಗ "ನಾಲ್ಕು ದಿನ ಮಾತ್ರೆ ತಗೊಂಡಿಲ್ಲ" ಎಂದು ನಿಜ ಹೇಳುವುದಕ್ಕೂ ಧೈರ್ಯ ಬೇಕು.

ಇನ್ನು ಭಿಕ್ಷೆಯ ಮಾತು. ಸಾಮ್ರಾಟ ಅಶೋಕ ತನ್ನ ಎರಡನೆಯ ಶಿಲಾಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ಔಷಧಿ ಗಿಡಗಳನ್ನು ತರಿಸಿ ನೆಡಿಸಿದ್ದನ್ನು ಕೆತ್ತಿಸಿದ್ದಾನೆ. ನಮ್ಮ ಸಂವಿಧಾನದ 47ನೇ ವಿಧಿ ಜನರ ಆರೋಗ್ಯವನ್ನು ಉತ್ತಮಪಡಿಸುವುದು ಸರ್ಕಾರದ ಪ್ರಾಥಮಿಕ ಕರ್ತವ್ಯಗಳಲ್ಲಿ ಒಂದು ಎನ್ನುತ್ತದೆ. ಕರ್ತವ್ಯವಾದದ್ದು ಭಿಕ್ಷೆ ಹೇಗಾದೀತು? ಕೂಲಿಯವನು ಕೊಳ್ಳುವ ಚಪ್ಪಲಿಯಲ್ಲೂ ತೆರಿಗೆ ಸೇರಿದೆ. ಆ ಮಾತ್ರೆಗೆ ಅವನೂ ದುಡ್ಡು ಕೊಟ್ಟಿದ್ದಾನೆ.

ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು. 1948ರಿಂದ ಡಾ. ಸವಿತಾ ಅವರ ಆರೈಕೆಯಲ್ಲಿದ್ದು, ಕಾಲು ನೋವಿನ ನಡುವೆಯೇ 'ಬುದ್ಧ ಮತ್ತು ಆತನ ಧಮ್ಮ' ಬರೆದರು. ಆರೈಕೆ ಪಡೆದದ್ದರಿಂದ ಅವರ ಘನತೆ ಕುಗ್ಗಲಿಲ್ಲ.

ಹೀಗೆಂದ ಮಾತ್ರಕ್ಕೆ ಪುಕ್ಕಟೆ ಕ್ಲಿನಿಕ್ಕಿಗೆ ಹೋಗುವುದು ಖರ್ಚಿಲ್ಲದ ಕೆಲಸವಲ್ಲ. ಹಗಲು ಹೊತ್ತು ಸಾಲಿನಲ್ಲಿ ನಿಂತರೆ ಅರ್ಧ ದಿನದ ಕೂಲಿ ಹೋಗುತ್ತದೆ. ಕೆಲವೊಮ್ಮೆ ಮಾತ್ರೆಯೇ ಮುಗಿದಿರುತ್ತದೆ. ಸಂಘದ ಕೆಲಸ ಶುರುವಾಗುವುದು ಇಲ್ಲಿಂದ. ಏಪ್ರಿಲ್ 14ರಂದು ತಪಾಸಣಾ ಶಿಬಿರ ನಡೆಸುವುದು ಒಳ್ಳೆಯದು. ಆದರೆ ಅಂದು ಶುಗರ್ ಇದೆ ಎಂದು ತಿಳಿದವರು ಮೇ 14ರಂದು ಮಾತ್ರೆ ನುಂಗುತ್ತಿದ್ದಾರೆಯೇ ಎಂದು ವಿಚಾರಿಸುವವರು ಬೇಕು. ಪ್ರತಿ ಬೀದಿಗೊಬ್ಬರು ಆಶಾ ಕಾರ್ಯಕರ್ತೆಯ ಜೊತೆ ಸಂಪರ್ಕದಲ್ಲಿರಿ, ವಯಸ್ಸಾದವರ ಜೊತೆ ಕ್ಲಿನಿಕ್ಕಿಗೆ ಹೋಗಿ, ಔಷಧಿ ಇಲ್ಲವೆಂದರೆ ಎಲ್ಲರೂ ಸಹಿ ಹಾಕಿ ಅರ್ಜಿ ಕೊಡಿ.

ಮೈತ್ರಿ ಧ್ಯಾನದಲ್ಲಿ ಸಕಲ ಜೀವಿಗಳಿಗೂ ಒಳಿತು ಬಯಸುತ್ತೇವೆ. ಇಂದು ಧ್ಯಾನ ಮುಗಿಸಿ ಏಳುವ ಮುನ್ನ ನಿಮ್ಮ ಬೀದಿಯಲ್ಲಿ ಮಾತ್ರೆ ನಿಲ್ಲಿಸಿರುವ ಒಬ್ಬರ ಮುಖ ನೆನಪಿಸಿಕೊಳ್ಳಿ. ಸಂಜೆ ಅವರ ಮನೆಗೆ ಹೋಗಿ ಬನ್ನಿ.

ಜೈ ಭೀಮ್. ನಮೋ ಬುದ್ಧಾಯ.