ಬರೆದವರ ಹೆಸರಿಗೆ ಜಾಗ

ಹುಳಿಯಾರಿನ ಮೊಬೈಲ್ ಅಂಗಡಿಯೊಂದರಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡ ಭಾವಗೀತೆಗಳಲ್ಲಿ ನನಗೆ ಕವಿಯ ಹೆಸರು ಸಿಕ್ಕಿದ್ದೇ ಇಲ್ಲ. ಗಾಯಕರ ಜಾಗದಲ್ಲೂ ಯಾವುದೋ ವೆಬ್‌ಸೈಟಿನ ಹೆಸರು.

ಅಂಗಡಿಯವರನ್ನಷ್ಟೇ ಬೈದು ಪ್ರಯೋಜನವಿಲ್ಲ. 1996ರಲ್ಲಿ ಬಂದ ಮೊದಲ ಐಡಿ3 ಟ್ಯಾಗ್ ಇದ್ದದ್ದೇ 128 ಬೈಟ್. ಹಾಡಿನ ಹೆಸರಿಗೆ 30, ಹಾಡಿದವರಿಗೆ 30, ಬರೆದವರಿಗೆ ಸೊನ್ನೆ. ಆಮೇಲಿನ ಆವೃತ್ತಿಯಲ್ಲಿ ಅವರಿಗೂ ಜಾಗ ಬಂತು, ತುಂಬುವವರು ಕಡಿಮೆ.

ಸರಿ, ನಾವೇ ತಿದ್ದೋಣ ಅಂದ್ರೆ, ಟ್ಯಾಗ್ ಮುಟ್ಟಿದ ಕೂಡಲೇ ಫೈಲಿನ ಬೈಟುಗಳು ಬದಲಾಗ್ತವೆ. ಹ್ಯಾಶ್ ತಾಳೆಯಾಗಲ್ಲ, ಟೊರೆಂಟ್ ಆ ತುಣುಕನ್ನು ಒಪ್ಪಲ್ಲ. ತಿದ್ದಿದವನ ಪ್ರತಿ ಅವನಲ್ಲೇ ಉಳಿಯುತ್ತೆ, ತಪ್ಪು ಹೆಸರಿನದು ಊರೂರು ಸುತ್ತುತ್ತೆ.

ವಚನಕಾರರು ಅಂಕಿತವನ್ನು ವಚನದೊಳಗೇ ಇಟ್ಟಿದ್ದರು. ಅದನ್ನೂ ತಿದ್ದಿದ್ದುಂಟು. ಮಾತೆ ಮಹಾದೇವಿಯವರು ಬಸವಣ್ಣನವರ ‘ಕೂಡಲಸಂಗಮದೇವ’ವನ್ನು ‘ಲಿಂಗದೇವ’ ಮಾಡಿದರು. 1998ರಲ್ಲಿ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರ ಪಾಲಿಗೆ ಅದೂ ಸರಿಪಡಿಸುವಿಕೆಯೇ. ಪುಸ್ತಕ ಮುಟ್ಟುಗೋಲು ಹಾಕಬೇಕಿತ್ತಾ ಅನ್ನೋದು ಬೇರೆ ಚರ್ಚೆ. ನನ್ನ ಪ್ರಶ್ನೆ ಇಷ್ಟೇ: ತಿದ್ದುವ ಕೈಗೆ ಆಧಾರ ಯಾವುದು? ಕ್ಯಾಸೆಟ್ಟಿನ ಹೊದಿಕೆ, ಕವನ ಸಂಕಲನ ನೋಡಿ ತಿದ್ದಿದರೆ ಅದು ಸೇವೆ. ನಮಗೆ ಸರಿ ಕಂಡದ್ದನ್ನು ಹಾಕಿದರೆ ಅಲ್ಲ.

ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಂ ಪ್ರಕಾರ, ಹಕ್ಕು ಮಾರಿದ ಮೇಲೂ ‘ಇದು ನನ್ನ ಕೃತಿ’ ಅನ್ನೋ ಹಕ್ಕು ಬರೆದವರದ್ದೇ. ಹೆಸರು ಹಾಕಿದ ಮಾತ್ರಕ್ಕೆ ಬಿಟ್ಟಿ ಹಂಚಿಕೆ ನ್ಯಾಯವಾಗಲ್ಲ, ನಿಜ. ಆದ್ರೆ ಕಾಸಂತೂ ಕೊಡದವರು ಹೆಸರನ್ನೂ ಕಿತ್ತುಕೊಂಡರೆ ಕವಿಗೆ ಉಳಿಯೋದೇನು?