ಭಾಗವಂತಿಯ ತಾಳ್ಮೆ

ತಾಳ್ಮೆಯು ಸದ್ಗುಣವೆಂಬುದನ್ನು ನಮ್ಮಲ್ಲಿ ಯಾರೂ ಅಲ್ಲಗಳೆಯಲಾರರು. ಆದರೆ ತಾಳಬೇಕಾದ ಕಷ್ಟವು ದೈವದಿಂದ ಬಂದುದಾಗಿರದೆ ಮನೆಯ ಯಜಮಾನನಿಂದಲೇ ಬಂದುದಾದರೆ, ಅದನ್ನು ಬಾಯಿಬಿಡದೆ ತಾಳುವವಳನ್ನು ಹೊಗಳುವುದು ಧರ್ಮವೋ, ಅಥವಾ ಆ ಹೊಗಳಿಕೆಯಿಂದ ನಾವು ಯಜಮಾನನಿಗೇ ಸಹಾಯಕರಾಗುವೆವೋ? ಈ ಪ್ರಶ್ನೆಯನ್ನು ಶಾಸ್ತ್ರಗ್ರಂಥಗಳಿಗಿಂತ ಸ್ಪಷ್ಟವಾಗಿ ನಮ್ಮ ಮುಂದಿಟ್ಟುದು ಒಂದು ದೂರದರ್ಶನದ ಧಾರಾವಾಹಿಯೆಂದರೆ ಕೆಲವರು ನಕ್ಕಾರು.

ಇಂತಹ ಕಥೆಗಳಿಗೆ ಇಂಗ್ಲಿಷಿನಲ್ಲಿ ಸಾಬೂನಿನ ಹೆಸರು ಅಂಟಿಕೊಂಡಿದೆ. 1930ರ ದಶಕದಲ್ಲಿ ಅಮೆರಿಕದ ರೇಡಿಯೋದಲ್ಲಿ ಗೃಹಿಣಿಯರಿಗಾಗಿ ಹಗಲುಹೊತ್ತು ಬರುತ್ತಿದ್ದ ಸಂಸಾರಕಥೆಗಳ ವೆಚ್ಚವನ್ನು ಸಾಬೂನು ತಯಾರಿಸುವವರು ವಹಿಸುತ್ತಿದ್ದುದೇ ಅದಕ್ಕೆ ಕಾರಣ. ಸರಕು ಮಾರುವುದಕ್ಕೆ ಒದಗಿದ ಈ ಸಾಧನವನ್ನು 1970ರ ದಶಕದಲ್ಲಿ ಮೆಕ್ಸಿಕೋ ದೇಶದ ಮಿಗೆಲ್ ಸಬಿಡೊ ಎಂಬವರು ಲೋಕಶಿಕ್ಷಣದ ಕಡೆಗೆ ತಿರುಗಿಸಿದರು. ಅವರ ಕ್ರಮದಲ್ಲಿ ಪಾತ್ರಗಳು ಮೂರು ತೆರ: ಅನುಕರಿಸತಕ್ಕವರು, ಅನುಕರಿಸಬಾರದವರು, ನಡುವೆ ತೂಗಾಡಿ ಕೊನೆಗೆ ದಾರಿಗೆ ಬರುವವರು.

ಈ ಕ್ರಮದಿಂದ ಪ್ರೇರಣೆ ಪಡೆದು ನಮ್ಮ ದೇಶದಲ್ಲಿ 1984ರ ಜುಲೈ 7ರಂದು ಮೊದಲಾದುದು ‘ಹಮ್ ಲೋಗ್’. ಬರೆದವರು ಮನೋಹರ ಶ್ಯಾಮ ಜೋಶಿ. ಮೊದಲ ಹದಿಮೂರು ಕಂತುಗಳಲ್ಲಿ ಕುಟುಂಬಯೋಜನೆಯ ಉಪದೇಶವು ಮಿತಿಮೀರಿ ಜನಕ್ಕೆ ರುಚಿಸಲಿಲ್ಲ. ಬಳಿಕ ಉಪದೇಶವನ್ನು ತಗ್ಗಿಸಿ ಸಂಸಾರದ ಕಥೆಯನ್ನು ಬೆಳೆಸಿದರು. (ಕಷಾಯಕ್ಕೆ ಬೆಲ್ಲ ಬೆರಸುವ ಉಪಾಯವನ್ನು ನಮ್ಮ ಅಜ್ಜಿಯರು ಎಂದೋ ಬಲ್ಲವರಾಗಿದ್ದರು.) ಹೀಗೆ 156 ಕಂತುಗಳು 1985ರ ಡಿಸೆಂಬರಿನವರೆಗೆ ನಡೆದುವು.

ಕಥೆಯ ಮನೆಯೊಡೆಯ ಬಸೇಸರ ರಾಮನು ಕುಡುಕ. ಅವನ ಪತ್ನಿ ಭಾಗವಂತಿಯು ಗಂಡನ ಬೈಗಳನ್ನೂ ಅತ್ತೆಯ ಕಟುನುಡಿಗಳನ್ನೂ ಮರುಮಾತಿಲ್ಲದೆ ನುಂಗುವವಳು. ಹಿರಿಯ ಮಗಳು ಬಡ್ಕಿಯು ಸ್ತ್ರೀಯರ ಹಿತಕ್ಕಾಗಿ ದುಡಿಯುವ ಸ್ವಾವಲಂಬಿನಿ. ಕಿರಿಯವಳಿಗೆ ವೈದ್ಯಳಾಗುವ ಹಂಬಲ. ತಾಯಿಯನ್ನು ಕಂಡು ‘ಹೀಗಾಗಬಾರದು’ ಎಂದೂ, ಬಡ್ಕಿಯನ್ನು ಕಂಡು ‘ಹೀಗಾಗಬೇಕು’ ಎಂದೂ ನೋಡುವವರು ತಿಳಿಯಲೆಂಬುದು ಕಥೆಯನ್ನು ಕಟ್ಟಿದವರ ಉದ್ದೇಶವಾಗಿದ್ದಿತು. ಆದರೆ ಅರವಿಂದ ಸಿಂಘಾಲ್, ಎವರೆಟ್ ರೋಜರ್ಸ್ ಎಂಬ ವಿದ್ವಾಂಸರು ವಿಚಾರಿಸಿ ನೋಡಿದಾಗ, ಭಾಗವಂತಿಯನ್ನೇ ಆದರ್ಶವೆಂದು ಕೊಂಡಾಡಿದವರು ಬಹಳ ಮಂದಿ ಇದ್ದರು!

ಇದನ್ನು ಅಜ್ಞಾನವೆಂದು ತಳ್ಳಿಬಿಡುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಹರಿಕಥೆಯಲ್ಲಿ ಚಂದ್ರಮತಿಯ ಪಾಡನ್ನು ಕೇಳಿ ಕಣ್ಣೀರಿಟ್ಟು ಬೆಳೆದ ಮನಸ್ಸು ಭಾಗವಂತಿಯಲ್ಲಿ ಅವಳನ್ನೇ ಕಾಣುವುದು ಸಹಜ. ಭೇದವಿರುವುದು ಗಂಡಂದಿರಲ್ಲಿ. ಹರಿಶ್ಚಂದ್ರನು ಹೆಂಡತಿಯನ್ನು ಕಷ್ಟಕ್ಕೆ ಗುರಿಮಾಡಿದುದು ಸತ್ಯಕ್ಕಾಗಿ. ಆ ವ್ರತದಲ್ಲಿ ಅವಳೂ ಪಾಲುಗಾರ್ತಿ. ಬಸೇಸರನಿಗೆ ವ್ರತವೆಲ್ಲಿಯದು? ಸೀಸೆಯೊಂದೇ. ತಾಳ್ಮೆ ಎರಡು ಕಡೆಯೂ ಒಂದೇ ಆಗಿ ಕಾಣುವುದರಿಂದ, ಅದು ಯಾವುದಕ್ಕಾಗಿ ಎಂದು ಕೇಳುವುದನ್ನು ನಾವು ಮರೆಯುತ್ತೇವೆ.

ಆದರೂ ನೋಡುವವಳ ಪಕ್ಷದಲ್ಲಿ ಒಂದು ಮಾತಿದೆ. ಮೂವತ್ತು ವರ್ಷ ಹೀಗೆಯೇ ಬಾಳಿದ ಗೃಹಿಣಿಗೆ ‘ನಿನ್ನ ಬಾಳೆಲ್ಲ ತಪ್ಪು’ ಎಂದು ಹೇಳಲು ಕಥೆಗಾರನಿಗೆ ಅಧಿಕಾರವೇನು? ಭಾಗವಂತಿಗೆ ಮರ್ಯಾದೆ ಸಲ್ಲಿಸುವಾಗ ಅವಳು ತನಗೆ ಎಂದೂ ಸಲ್ಲದ ಮರ್ಯಾದೆಯನ್ನೇ ಕೇಳುತ್ತಿರಬಹುದು. ಸುಧಾರಕರು ಅನ್ಯಾಯವನ್ನು ಖಂಡಿಸುವ ಭರದಲ್ಲಿ ಅದನ್ನು ಸಹಿಸಿದವಳನ್ನೇ ಖಂಡಿಸುವುದುಂಟು. ಇಲ್ಲಿಯೂ ಆದುದು ಅದೇ. ತಿದ್ದಬೇಕಾಗಿದ್ದವನು ಬಸೇಸರ. ಪಾಠದ ಪಾತ್ರವಾದವಳು ಅವನ ಹೆಂಡತಿ.

ಹಾಗೆಂದು ಆ ಜನ ಹೊಸತನ್ನು ಒಲ್ಲೆನ್ನಲಿಲ್ಲ. ಬಡ್ಕಿಯ ಮದುವೆಯ ಕಂತು ಬಂದ ದಿನ ಉತ್ತರದ ಊರುಗಳಲ್ಲಿ ಅಂಗಡಿಗಳು ಬೇಗನೆ ಮುಚ್ಚಿದುವೆಂದೂ, ಅವಳಿಗೆ ಶುಭಾಶಯದ ತಂತಿಗಳು ಬಂದುವೆಂದೂ ಹೇಳುತ್ತಾರೆ. ದುಡಿಯುವ ಮಗಳನ್ನೂ ಮೌನಿಯಾದ ತಾಯಿಯನ್ನೂ ಒಂದೇ ಮನೆ ಒಂದೇ ಸಂಜೆ ಮೆಚ್ಚಿತು. ನಮ್ಮ ಕನ್ನಡ ಧಾರಾವಾಹಿಗಳಲ್ಲಿಯೂ ಕಚೇರಿಯಲ್ಲಿ ಹತ್ತು ಮಂದಿಯನ್ನು ಆಳುವ ನಾಯಿಕೆ ಮನೆಯಲ್ಲಿ ಅತ್ತೆಯ ಮುಂದೆ ತಲೆ ತಗ್ಗಿಸಿ ನಿಲ್ಲುವುದನ್ನು ಕಾಣುತ್ತೇವೆ. ಆಗಿನ ತಾಯಿ ಮಗಳಿಬ್ಬರನ್ನೂ ಒಬ್ಬಳಲ್ಲಿಯೇ ಕೂಡಿಸಿದಂತಿದೆ. ಸಂಬಳ ತರುವ ಕೆಲಸವನ್ನು ಅವಳಿಗೆ ಕೊಟ್ಟೆವು, ಅಡುಗೆಮನೆಯ ಕೆಲಸವನ್ನು ಅವಳಿಂದ ತೆಗೆದುಕೊಳ್ಳಲಿಲ್ಲ. ಬಡ್ಕಿಯ ಮದುವೆಗೆ ತಂತಿ ಕಳುಹಿಸಿದ ಮನೆಗಳಲ್ಲಿ, ಆ ಸಂಜೆ ಒಲೆಯ ಮುಂದೆ ಯಾರು ಕುಳಿತಿದ್ದರೆಂಬುದನ್ನು ಯಾರೂ ವಿಚಾರಿಸಿದಂತೆ ಕಾಣೆ.