ಏಕಕೋಶ ಜೀವಿಯ ಸಾವು ತ್ಯಾಗವೇ?

ದೇಹದಲ್ಲಿ ಹಾನಿಗೊಂಡ ಕೋಶವೊಂದು ತನ್ನೊಳಗೇ ಅಡಗಿರುವ ಕ್ರಮವನ್ನು ಅನುಸರಿಸಿ ಅಳಿಯುವುದನ್ನು ಯೋಜಿತ ಕೋಶಮರಣವೆನ್ನುತ್ತಾರೆ. ನೆರೆಯ ಕೋಶಗಳಿಗೆ ಕೇಡಾಗದಂತೆ ಕೋಶ ಕುಗ್ಗಿ ಅಳಿಯುವ ಇದರ ಒಂದು ಬಗೆಗೆ 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ವಿಜ್ಞಾನಿಗಳು ಅಪಾಪ್ಟೋಸಿಸ್ ಎಂದು ಹೆಸರಿಟ್ಟರು. ಇಡೀ ದೇಹದ ಉಳಿವಿಗಾಗಿ ಒಂದು ಕೋಶ ಸಾಯುವುದು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಒಂದೇ ಕೋಶವೇ ದೇಹವಾಗಿರುವ ಪರಾವಲಂಬಿಯಲ್ಲಿಯೂ ಇಂಥದೇ ಸಾವು ಕಂಡುಬಂದಾಗ, ಅದು ಯಾರ ಸಲುವಾಗಿ ಎಂಬ ಪ್ರಶ್ನೆ ಏಳುತ್ತದೆ.

ಮರಳುನೊಣದ ಕಡಿತದಿಂದ ಹರಡಿ ಚರ್ಮದಲ್ಲಿ ಹುಣ್ಣುಂಟುಮಾಡುವ ಲೀಷ್ಮೇನಿಯಾ ಮೇಜರ್ ಎಂಬ ಪರಾವಲಂಬಿಯ ಸಮೂಹದಲ್ಲಿ ಬದುಕಿರುವವುಗಳ ಜೊತೆಗೆ ಸಾಯುತ್ತಿರುವವೂ ಇರುತ್ತವೆ. ಸಾಯುತ್ತಿರುವ ಕೋಶದ ಹೊರಪೊರೆಯ ಮೇಲೆ ಫಾಸ್ಫಟಿಡಿಲ್‌ಸೆರಿನ್ ಎಂಬ ಕೊಬ್ಬಿನ ಅಣು ಮೂಡುತ್ತದೆ. ರೋಗನಿರೋಧಕ ಬಿಳಿ ರಕ್ತಕಣಗಳು ಅದನ್ನು ನಿರಪಾಯದ ಗುರುತೆಂದು ಗ್ರಹಿಸಿ, ಉರಿಯೂತವನ್ನು ಕೆರಳಿಸದೆ ಆ ಕೋಶಗಳನ್ನು ನುಂಗುತ್ತವೆ, ಆ ಮೌನದ ಮರೆಯಲ್ಲಿ ಜೀವಂತ ಲೀಷ್ಮೇನಿಯಾಗಳು ಉಳಿದುಕೊಳ್ಳುತ್ತವೆ. ಸಾಯುತ್ತಿರುವವನ್ನು ಬೇರ್ಪಡಿಸಿ ಉಳಿದವನ್ನಷ್ಟೇ ಇಲಿಗಳಿಗೆ ಚುಚ್ಚಿದಾಗ ರೋಗ ಬೆಳೆಯಲಿಲ್ಲವೆಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಇದನ್ನು ವಿವರಿಸಲು ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1964ರಲ್ಲಿ ಮಂಡಿಸಿದ ಬಂಧು ಆಯ್ಕೆಯ ಸಿದ್ಧಾಂತ ನೆರವಾಗುತ್ತದೆ: ತಾನು ನಷ್ಟಪಟ್ಟರೂ ತನ್ನದೇ ವಂಶವಾಹಿಗಳನ್ನು ಹೊತ್ತ ಬಂಧುಗಳಿಗೆ, ಬಂಧುತ್ವದ ಪ್ರಮಾಣಕ್ಕೆ ತಕ್ಕಂತೆ ಎಣಿಸಿದಾಗ, ಅದಕ್ಕಿಂತ ಹೆಚ್ಚಿನ ಲಾಭವಾದರೆ ಆ ವರ್ತನೆ ತಲೆಮಾರುಗಳಲ್ಲಿ ಉಳಿಯುತ್ತದೆ. ಒಂದೇ ಕೋಶ ಸೀಳಿ ಹುಟ್ಟಿದ ಸಮೂಹದಲ್ಲಿ ಬಂಧುತ್ವ ಹೆಚ್ಚುಕಡಿಮೆ ಪೂರ್ಣವಾದದ್ದು. ಆದರೆ ಪ್ರಾಣಿಕೋಶಗಳ ಅಪಾಪ್ಟೋಸಿಸನ್ನು ನಡೆಸುವ ಕ್ಯಾಸ್ಪೇಸ್ ಕಿಣ್ವಗಳು ಈ ಪರಾವಲಂಬಿಗಳಲ್ಲಿ ಇಲ್ಲದಿರುವುದರಿಂದ, ಇದು ಯೋಜಿತ ಮರಣವೇ ಅಲ್ಲ, ಆಕಸ್ಮಿಕ ನಾಶವಷ್ಟೇ ಎನ್ನುವ ಜೀವವಿಜ್ಞಾನಿಗಳೂ ಇದ್ದಾರೆ.

ಯೋಜಿತವೆಂದೇ ಒಪ್ಪಿದರೂ ಅದು ನೈತಿಕ ಅರ್ಥದ ಪರಹಿತವಾಗದು. ಹ್ಯಾಮಿಲ್ಟನ್ ಅಳೆದದ್ದು ಫಲವನ್ನು. ಧರ್ಮಚಿಂತನೆ ಅಳೆಯುವುದು ಮುಖ್ಯವಾಗಿ ಸಂಕಲ್ಪವನ್ನು. ಬೌದ್ಧರಿಗೆ ಕರ್ಮದ ತಿರುಳೇ ಚೇತನೆ, ಅಂದರೆ ಉದ್ದೇಶ. ಶ್ರವಣಬೆಳಗೊಳದ ಶಾಸನಗಳು ಗೌರವದಿಂದ ದಾಖಲಿಸಿರುವ, ಉಪವಾಸದಿಂದ ದೇಹ ತೊರೆಯುವ ಸಲ್ಲೇಖನವನ್ನು ಜೈನ ಚಿಂತಕರು ಆತ್ಮಹತ್ಯೆಯಿಂದ ಬೇರ್ಪಡಿಸುವುದೂ ರಾಗದ್ವೇಷಗಳಿಲ್ಲದ, ಅರಿತು ಕೈಗೊಂಡ ವ್ರತವೆಂಬ ಆಧಾರದ ಮೇಲೆಯೇ. ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವಕ್ಕೆ ಜೀವವಿದೆಯೆಂದು ಒಪ್ಪುವ ಅದೇ ದರ್ಶನ, ಅದಕ್ಕೆ ಮನಸ್ಸಿದೆಯೆಂದು ಒಪ್ಪುವುದಿಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ತೊಡಕಿದೆ. ಲೀಷ್ಮೇನಿಯಾದ ಸಾವಿನಿಂದ ಅದರ ಕುಲಕ್ಕೆ ಆಗುವ ಒಳಿತೇ ಮನುಷ್ಯನ ಮೈಮೇಲೆ ಹುಣ್ಣಾಗುತ್ತದೆ. ಸ್ವಕುಲದ ಗಡಿಯಲ್ಲೇ ನಿಲ್ಲುವ ತ್ಯಾಗವನ್ನು ಧರ್ಮವೆನ್ನಬೇಕಾದರೆ, ಪರರ ನೋವಿಗೆ ಆ ಧರ್ಮದಲ್ಲಿ ಜಾಗವೇ ಇರುವುದಿಲ್ಲ. ಕನ್ನಡದಲ್ಲಿ ವಿಜ್ಞಾನ ಬರೆಯುವವರು ಇಂಥ ಸಾವನ್ನು ಬಲಿದಾನವೆಂದು ಕೊಂಡಾಡದೆ, ನಷ್ಟ ಯಾರದು, ಲಾಭ ಯಾರದು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು.